ಕೂತ ಮನುಷ್ಯ

ಅಂಗಡಿಯ ಷಟರು ಎತ್ತಿ, ಇಸ್ತ್ರಿಪೆಟ್ಟಿಗೆಯನ್ನು ಕಾಯಲು ಇಟ್ಟು, ಹೋಟೆಲಿನಿಂದ ಬಂದ ಚಾದರಗಳ ಗಂಟು ಬಿಚ್ಚುತ್ತಿರುವಾಗ ಒಬ್ಬ ಮುದುಕ ಒಂದೇ ಒಂದು ಅಂಗಿ ಹಿಡಿದುಕೊಂಡು ಬಂದು ಮೇಜಿನ ಮುಂದೆ ನಿಂತ. ಇಸ್ತ್ರಿಯಮ್ಮ ತಲೆ ಎತ್ತಲಿಲ್ಲ. ಬೆಳಗಿನ ಹೊತ್ತು ಕೆಲಸದ ಸಂದರ್ಶನಕ್ಕೆ ಹೊರಟವರು ಹೀಗೆ ಒಂದೊಂದೇ ಬಟ್ಟೆ ತರುವುದು ಮಾಮೂಲು. ಅಂಗಿಯನ್ನು ಎಳೆದುಕೊಂಡು ಮೇಜಿನ ಮೇಲೆ ಹರಡಿದಳು. ಕಾಲರಿನ ಎಡಭಾಗ ಮಾತ್ರ ಸವೆದು ನೂಲು ಎದ್ದಿತ್ತು. ತಲೆಯನ್ನು ಸದಾ ಎಡಕ್ಕೆ ವಾಲಿಸಿ ಮಾತಾಡುವವರ ಕಾಲರು ಹಾಗೆ ಸವೆಯುತ್ತದೆ. ಅವಳ ಕೈ ಅಲ್ಲಿಗೇ ನಿಂತಿತು. ಆಮೇಲೆ ತಲೆ ಎತ್ತಿದಳು.

ಇಪ್ಪತ್ತೆರಡು ವರ್ಷದ ಮೇಲೆ ಗಂಡ ಎದುರಿಗೆ ನಿಂತಿದ್ದ. ಕೂದಲು ಉದುರಿತ್ತು, ಕೆನ್ನೆ ಒಳಗೆ ಹೋಗಿತ್ತು, ತಲೆ ಮಾತ್ರ ಈಗಲೂ ಎಡಕ್ಕೆ ವಾಲಿತ್ತು.

"ಅರ್ಜೆಂಟಾ?" ಎಂದು ಕೇಳಿದಳು. ಬಾಯಿಗೆ ಬಂದದ್ದು ಅದೊಂದೇ.

"ಇಲ್ಲ, ನಿಧಾನಕ್ಕೆ ಆಗಲಿ," ಎಂದ ಅವನು.

ಅವಳು ಅಂಗಿಗೆ ನೀರು ಚಿಮುಕಿಸಿ, ತೋಳು, ಬೆನ್ನು, ಎದೆ ಎಂದು ಎಲ್ಲರ ಅಂಗಿಗೆ ಮಾಡುವ ಹಾಗೆಯೇ ಇಸ್ತ್ರಿ ಮಾಡಿ, ಹಳೆಯ ಪೇಪರಿನಲ್ಲಿ ಸುತ್ತಿ ಮುಂದಕ್ಕೆ ನೂಕಿದಳು. ಅವನು ಏನೋ ಹೇಳಲು ಬಾಯಿ ತೆರೆದ. ಹಿಂದೆ ನಿಂತಿದ್ದ ಗಿರಾಕಿಯ ಕಡೆ ನೋಡಿ ಅವಳು, "ನಿಮ್ಮದೇನು ಸಾರ್?" ಎಂದಳು.

ಮದುವೆಯಾದಾಗ ಅವನು ಔಷಧಿ ಕಂಪನಿಯೊಂದರ ಮಾರಾಟದವನು. ಚೀಲ ಹಿಡಿದು ಊರೂರು ಸುತ್ತುವ ಕೆಲಸ. ಮಾತಿನಲ್ಲಿ ಜಾಣ, ನೋಡಲು ಲಕ್ಷಣವಾಗಿದ್ದ, ಒಂದು ಕಡೆ ಕಾಲು ನಿಲ್ಲದವನು. ಮಗನಿಗೆ ಹನ್ನೆರಡು, ಮಗಳಿಗೆ ನಾಲ್ಕು ವರ್ಷ ಇದ್ದಾಗ ಒಂದು ಸಂಜೆ ಚಹಾ ಕುಡಿದು ಎದ್ದು ಹೋದವನು ತಿರುಗಿ ಬರಲಿಲ್ಲ. ಮಗ ನಾಲ್ಕಾರು ದಿನ ಬಸ್‌ಸ್ಟ್ಯಾಂಡಿನಲ್ಲಿ ಕಾದು ಕಾದು ಬಂದ. ಇನ್ನೊಂದು ಊರಿನಲ್ಲಿ ಇನ್ನೊಂದು ಸಂಸಾರ ಹೂಡಿದ್ದಾನೆ ಎಂದು ಆರು ತಿಂಗಳ ಮೇಲೆ ಯಾರದೋ ಬಾಯಿಂದ ತಿಳಿಯಿತು. ಇಸ್ತ್ರಿಯಮ್ಮ ಆಗ ಪಕ್ಕದ ಮನೆಯವರ ಜಗಲಿಯಲ್ಲಿ ಒಂದು ಮೇಜು ಹಾಕಿಕೊಂಡು ಶುರು ಮಾಡಿದ ಕೆಲಸ ಈಗ ಸ್ವಂತ ಅಂಗಡಿಯಾಗಿತ್ತು. ಎರಡು ಹೋಟೆಲು, ಒಂದು ನರ್ಸಿಂಗ್ ಹೋಮು, ಬೀದಿಯ ಗಿರಾಕಿಗಳು. ಅಂಗಡಿಯ ಹಿಂದೆ ಅಡುಗೆಮನೆ ಮತ್ತು ಎರಡು ಕೋಣೆ, ಮಹಡಿಯ ಮೇಲೆ ಬಟ್ಟೆ ಒಣಗಿಸುವ ಜಾಗ, ಅದರ ಮೂಲೆಯಲ್ಲಿ ಮಗಳ ಚಿತ್ರದ ಕೋಣೆ. ಮಗ ವ್ಯಾನಿನಲ್ಲಿ ಬಟ್ಟೆ ತಂದು ಕೊಟ್ಟು ಮಾಡುತ್ತಿದ್ದ. ಅವನಿಗೆ ಮದುವೆಯಾಗಿ ಹತ್ತು ತಿಂಗಳ ಹೆಣ್ಣುಕೂಸೂ ಇತ್ತು.

ಮಗಳು ಶಾಲೆಯೊಂದರಲ್ಲಿ ಅರ್ಧ ದಿನ ಡ್ರಾಯಿಂಗ್ ಹೇಳಿಕೊಡುತ್ತಿದ್ದಳು. ಉಳಿದರ್ಧ ದಿನ ಮೇಲಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ತನ್ನ ಚಿತ್ರ ಬಿಡಿಸುತ್ತಿದ್ದಳು. ಅವಳ ಚಿತ್ರಗಳಲ್ಲಿ ಮನುಷ್ಯರಿರುತ್ತಿದ್ದರು, ಅವರಿಗೆ ಮುಖ ಇರುತ್ತಿರಲಿಲ್ಲ. ಅಗಲದ ಬ್ರಶ್ಶಿನಿಂದ ಆಳನ್ನು ನಿಲ್ಲಿಸಿ, ಬಣ್ಣ ಇನ್ನೂ ಹಸಿ ಇರುವಾಗಲೇ ಹರಿದ ಚಾದರದ ತುಂಡಿನಿಂದ ಒಂದೇ ಸಲ ಅಡ್ಡಕ್ಕೆ ಎಳೆದುಬಿಡುತ್ತಿದ್ದಳು. ಓಡುವ ಬಸ್ಸಿನಿಂದ ಕಂಡವರ ಹಾಗೆ ಕಾಣುತ್ತಿದ್ದರು ಅವರೆಲ್ಲ. ಗಿರಾಕಿಗಳು ಮಗಳೇನು ಮಾಡುತ್ತಾಳೆ ಎಂದು ಕೇಳಿದರೆ ಇಸ್ತ್ರಿಯಮ್ಮನ ಉತ್ತರ ಸಿದ್ಧವಾಗಿತ್ತು: "ನಾನು ದಿನವಿಡೀ ಕಲೆ ತೆಗೀತೀನಿ, ಅವಳು ದಿನವಿಡೀ ಕಲೆ ಮಾಡ್ತಾಳೆ."

ಮುದುಕ ಮಾರನೆಯ ದಿನವೂ ಬಂದ. ಎದುರಿನ ಚಹಾದಂಗಡಿಯ ಬೆಂಚಿನ ಮೇಲೆ ಕೂತು ಅಂಗಡಿಯನ್ನೇ ನೋಡುತ್ತಿದ್ದ. ಮೂರನೆಯ ದಿನ ಮಗ ವ್ಯಾನಿನಿಂದ ಇಳಿಯುವಾಗ ಅವನನ್ನು ಕಂಡ. ಗಂಟು ಒಳಗೆ ತಂದು ಹಾಕಿ, ಬಾಗಿಲಲ್ಲೇ ನಿಂತು ತಾಯಿಯ ಮುಖ ನೋಡಿದ. ಅವಳು ಹೌದೆಂದು ತಲೆಯಾಡಿಸಿದಳು. ಅವನು ವ್ಯಾನ್ ತೆಗೆದುಕೊಂಡು ಹೋದ. ಅಂದು ನರ್ಸಿಂಗ್ ಹೋಮಿನ ಬಟ್ಟೆ ಹೋಟೆಲಿಗೂ ಹೋಟೆಲಿನದು ನರ್ಸಿಂಗ್ ಹೋಮಿಗೂ ಹೋಗಿ, ಎರಡೂ ಕಡೆಯಿಂದ ಬೈಸಿಕೊಳ್ಳಬೇಕಾಯಿತು.

ಮಗಳಿಗೆ ಅಪ್ಪನ ಮುಖ ನೆನಪಿರಲಿಲ್ಲ. ಬೆಂಚಿನ ಮೇಲೆ ದಿನವೂ ಒಂದೇ ಭಂಗಿಯಲ್ಲಿ ಕೂರುವ ಮುದುಕ ಅವಳ ಕಣ್ಣಿಗೆ ಬಿದ್ದಿದ್ದು ಬೇರೆ ಕಾರಣಕ್ಕೆ. ಎರಡು ತಿಂಗಳಲ್ಲಿ ಅವಳ ಚಿತ್ರಗಳು ಒಂದು ಪ್ರದರ್ಶನದಲ್ಲಿ ಇರಬೇಕಿತ್ತು, ಚಿತ್ರಕ್ಕೆ ಕೂರುವವರು ಸಿಕ್ಕಿರಲಿಲ್ಲ. ಅಮ್ಮನಿಗೆ ಪುರುಸೊತ್ತಿಲ್ಲ. ಅತ್ತಿಗೆ ಕೂತರೆ ಕೂಸು ಬಿಡುವುದಿಲ್ಲ. ಅಣ್ಣ, ನನ್ನ ಮುಖ ಒರೆಸೋಕೆ ನಾನೇ ಬಂದು ಕೂರಬೇಕಾ ಎಂದಿದ್ದ. ರಾತ್ರಿ ಊಟಕ್ಕೆ ಕೂತಾಗ ಅವಳು, ಎದುರಿನ ಬೆಂಚಿನ ಅಜ್ಜನನ್ನು ಮಾಡೆಲ್ ಆಗಿ ಕೇಳೋಣ ಅಂತಿದ್ದೀನಿ ಎಂದಳು. ಮಗನ ಕೈಯ ತುತ್ತು ತಟ್ಟೆಗೆ ಬಿತ್ತು.

"ಅವನು ಯಾರು ಅಂತ ಗೊತ್ತೇನೇ ನಿಂಗೆ?"

ಅವನು ಯಾರೆಂದು ಹೇಳಿದ್ದು ಇಸ್ತ್ರಿಯಮ್ಮ. ಬೇಳೆಯ ಪಾತ್ರೆಯಿಂದ ಸೌಟು ಎತ್ತಿ, ಮಗನಿಗೆ ಬಡಿಸುತ್ತಾ, ಹವಾಮಾನ ಹೇಳುವವರ ಹಾಗೆ ಹೇಳಿದಳು. ಮಗಳು, ಹಾಗಾದರೆ ಖಂಡಿತ ಕೇಳುತ್ತೇನೆ ಎಂದಳು.

ಆಮೇಲೆ ನಡೆದದ್ದು ದೊಡ್ಡ ಜಗಳ. ಮಗ, ಆ ಮನುಷ್ಯ ಈ ಮನೆಯ ಹೊಸ್ತಿಲು ತುಳಿದರೆ ತಾನು ಹೆಂಡತಿ ಮಗು ಕಟ್ಟಿಕೊಂಡು ಬೇರೆ ಹೋಗುವುದಾಗಿ ಹೇಳಿದ. ಅಪ್ಪ ಹೋದಾಗ ನಿನಗೇನು, ಬೆರಳು ಬಾಯಲ್ಲಿತ್ತು, ಶಾಲೆ ಬಿಟ್ಟು ಗಂಟು ಹೊತ್ತವನು ನಾನು ಎಂದ. ಮಗಳು, ನಾನು ಅಪ್ಪನನ್ನು ಕರೆಯುತ್ತಿಲ್ಲ, ಕೂರೋಕೆ ಒಬ್ಬ ಮನುಷ್ಯನನ್ನ ಕರೆಯುತ್ತಿದ್ದೇನೆ ಎಂದಳು. ಸೊಸೆ ಕೂಸನ್ನು ಎತ್ತಿಕೊಂಡು ಒಳಗೆ ಹೋದಳು. ಇಬ್ಬರೂ ತಾಯಿಯ ಕಡೆ ತಿರುಗಿದರು.

ಇಸ್ತ್ರಿಯಮ್ಮ ಬಹಳ ಹೊತ್ತು ಪಾತ್ರೆ ಕೆರೆದಳು.

"ಹಿಂದಿನ ಮೆಟ್ಟಿಲಿದೆ," ಎಂದಳು ಕೊನೆಗೆ. "ಅದರಿಂದ ಹತ್ತಲಿ, ಅದರಿಂದಲೇ ಇಳೀಲಿ. ನನ್ನ ಅಂಗಡಿ, ನನ್ನ ಅಡುಗೆಮನೆ ತುಳಿಯೋದು ಬೇಡ. ಅವರು ನನ್ನ ಗಂಡನೂ ಅಲ್ಲ, ಇವನ ಅಪ್ಪನೂ ಅಲ್ಲ. ನಿನ್ನ ಮಾಡೆಲ್ಲು. ಊಟ ಕೊಡೋದಾದ್ರೆ ನಿನ್ನ ತಟ್ಟೆಯಿಂದ ಕೊಡು."

ಹೀಗೆ ಮುದುಕ ಬರತೊಡಗಿದ. ಬಸ್‌ಸ್ಟ್ಯಾಂಡಿನ ಹತ್ತಿರ ಯಾವುದೋ ಲಾಡ್ಜಿನಲ್ಲಿ ಮಲಗಿ, ಮಧ್ಯಾಹ್ನ ಮಗಳು ಶಾಲೆಯಿಂದ ಬರುವ ಹೊತ್ತಿಗೆ ಹಿಂದಿನ ಮೆಟ್ಟಿಲು ಹತ್ತಿ, ಬೆಳಕು ಇರುವ ತನಕ ಒಂದು ಮರದ ಕುರ್ಚಿಯ ಮೇಲೆ ಕೂತಿರುತ್ತಿದ್ದ. ಇಸ್ತ್ರಿಯಮ್ಮನ ಮೇಜಿನ ಮೇಲ್ಗಡೆಯೇ ಆ ಕುರ್ಚಿ. ಅವನು ಕಾಲು ಬದಲಿಸಿದರೆ ಕೆಳಗೆ ಗೊತ್ತಾಗುತ್ತಿತ್ತು. ತನಗೆ ಬೇಡವೆಂದರೂ ಅವಳ ಕಿವಿ ಮೇಲಕ್ಕೇ ಹೋಗುತ್ತಿತ್ತು.

ಸೊಸೆಗೆ ಈ ಮನೆಯ ಹಳೆಯ ಗಾಯ ಯಾವುದೂ ಇರಲಿಲ್ಲ. ಅವಳು ಬಟ್ಟೆ ಒಣಹಾಕಲು ಮೇಲೆ ಹೋದವಳು ಅಲ್ಲೇ ನಿಂತು ಮುದುಕನ ಕಥೆ ಕೇಳಿ ನಗುತ್ತಿದ್ದಳು. ಅವನ ಬಳಿ ಕಥೆಗಳಿಗೇನೂ ಬರವಿರಲಿಲ್ಲ. ಒಂದು ಊರಿನ ವೈದ್ಯನಿಗೆ ಕೆಮ್ಮಿನ ಔಷಧಿ ಮಾರಲು ಹೋಗಿ, ತಾನೇ ಕೆಮ್ಮಿ ಕೆಮ್ಮಿ, ಅವನ ಹತ್ತಿರವೇ ಬೇರೆ ಕಂಪನಿಯ ಔಷಧಿ ಬರೆಸಿಕೊಂಡು ಬಂದ ಕಥೆಯನ್ನು ಸೊಸೆ ಅಡುಗೆಮನೆಯಲ್ಲಿ ಅಭಿನಯಿಸಿ ತೋರಿಸಿದಳು. ಇಸ್ತ್ರಿಯಮ್ಮ ತುಟಿ ಕಚ್ಚಿ ನಗು ತಡೆದಳು. ಆ ಕಥೆಯನ್ನು ಅವಳು ಮದುವೆಯಾದ ಹೊಸತರಲ್ಲೇ ಕೇಳಿದ್ದಳು. ಆಗ ಅದು ಹೊಟ್ಟೆನೋವಿನ ಔಷಧಿಯಾಗಿತ್ತು.

"ಮಾವನಿಗೆ ಕೆಮ್ಮು ನಿಜವಾಗಿಯೂ ಇದೆ ಅತ್ತೆ," ಎಂದಳು ಸೊಸೆ. "ಆ ಲಾಡ್ಜಿನಲ್ಲಿ ಗೋಡೆಯೆಲ್ಲಾ ಒದ್ದೆಯಂತೆ."

"ಯಾರಿಗೆ ಅಂದೆ?"

"ಮಾವನಿಗೆ." ಸೊಸೆ ತಲೆ ತಗ್ಗಿಸಲಿಲ್ಲ. "ಇನ್ನೇನು ಅಂತ ಕರೀಲಿ ಹೇಳಿ."

ಅದೇ ವಾರ ಮಗಳು ಮೇಲಿನ ಕೋಣೆಗೆ ಒಂದು ಹಾಸಿಗೆ ಸಾಗಿಸಿದಳು. ಬೆಳಿಗ್ಗೆ ಚಹಾದ ಲೋಟ ಒಂದು ಹೆಚ್ಚಾಗಿ ತೊಳೆಯಲು ಬೀಳುತ್ತಿದ್ದುದನ್ನು ಇಸ್ತ್ರಿಯಮ್ಮ ಕಂಡೂ ಕಾಣದ ಹಾಗೆ ಇದ್ದಳು. ಅನ್ನ ಇಡುವಾಗ ಅವಳ ಕೈ ತಾನಾಗಿ ಒಂದು ಹಿಡಿ ಹೆಚ್ಚು ಹಾಕುತ್ತಿತ್ತು.

ಚಿತ್ರಗಳ ಬಗ್ಗೆ ಮುದುಕನಿಗೆ ಮೊದಲಿನಿಂದಲೂ ತಕರಾರು. ಇಷ್ಟು ದಿನ ಕಲ್ಲಿನ ಹಾಗೆ ಕೂತಿದ್ದೇನೆ, ಒಂದು ಮೂಗಾದರೂ ಇಡಬಾರದೇ ಎಂದು ಮಗಳನ್ನು ಪೀಡಿಸುತ್ತಿದ್ದ. ಯೌವನದಲ್ಲಿ ಒಬ್ಬ ಫೋಟೋದವನು ತನ್ನ ಮುಖವನ್ನು ಅಂಗಡಿಯ ಗಾಜಿನಲ್ಲಿ ಇಟ್ಟಿದ್ದ ಎಂದು ಹೇಳಿಕೊಳ್ಳುತ್ತಿದ್ದ. ಈ ಹುಡುಗಿಗೆ ಮುಖ ಬಿಡಿಸಲು ಬರುವುದಿಲ್ಲ, ಅದಕ್ಕೇ ಒರೆಸಿ ಮುಚ್ಚುತ್ತಾಳೆ ಎಂದು ಸೊಸೆಯ ಹತ್ತಿರ ಪಿಸುಗುಟ್ಟಿದ್ದು ಮಗಳ ಕಿವಿಗೆ ಬಿತ್ತು. ಅವಳು ಒಂದು ಕಾಗದ ಹಲಗೆಗೆ ಸಿಕ್ಕಿಸಿ, ಪೆನ್ಸಿಲ್ ಚೂಪು ಮಾಡಿ, ಚಹಾ ಆರುವಷ್ಟರಲ್ಲಿ ಅವನ ಮುಖವನ್ನು ಇದ್ದದ್ದು ಇದ್ದ ಹಾಗೆ ಬಿಡಿಸಿ ಕೈಗಿತ್ತಳು. ಜೋತ ಕಣ್ಣುಗಳ ಕೆಳಗಿನ ಚೀಲ, ಬಿದ್ದ ಹಲ್ಲಿನಿಂದಾಗಿ ಒಳಗೆ ಸರಿದ ತುಟಿ, ಕತ್ತಿನ ತೊಗಲು, ಯಾವುದನ್ನೂ ಬಿಟ್ಟಿರಲಿಲ್ಲ.

ಮುದುಕ ಅದನ್ನು ದೂರ ಹಿಡಿದು ನೋಡಿದ, ಹತ್ತಿರ ಹಿಡಿದು ನೋಡಿದ. "ನಾನು ಇಷ್ಟು ಮುದುಕನಾ?" ಎಂದು ಸೊಸೆಯನ್ನು ಕೇಳಿದ. ಅವಳು, ಬೆಳಕು ಸರಿ ಇಲ್ಲ ಮಾವ ಎಂದಳು. ಅವನು ಕಾಗದವನ್ನು ಹಾಸಿಗೆಯ ಕೆಳಗೆ ಬೋರಲು ಇಟ್ಟ. ಮೂಗಿನ ಸುದ್ದಿ ಮತ್ತೆ ಎತ್ತಲಿಲ್ಲ.

ಮಗನ ಮುಖ ಮಾತ್ರ ದಿನದಿಂದ ದಿನಕ್ಕೆ ಗಂಟಾಗುತ್ತಾ ಹೋಯಿತು. ಅವನು ಬೇರೆ ಹೋಗಲಿಲ್ಲ. ಎಲ್ಲರೂ ಉಂಡ ಮೇಲೆ ಬಂದು ತಣ್ಣಗಿನ ಅನ್ನ ಉಂಡು ಮಲಗುತ್ತಿದ್ದ. ತಾಯಿಯ ಜೊತೆ ಬಟ್ಟೆಯ ಲೆಕ್ಕ ಬಿಟ್ಟು ಬೇರೆ ಮಾತಿಲ್ಲ. ಒಂದು ಮಧ್ಯಾಹ್ನ ನರ್ಸಿಂಗ್ ಹೋಮಿನ ಗಂಟು ತಂದವನಿಗೆ ಮನೆ ಸದ್ದಿಲ್ಲದೆ ಇರುವುದು ಕಂಡಿತು. ಹಲ್ಲು ಬರುವ ಕೂಸು ಎರಡು ದಿನದಿಂದ ಅತ್ತು ಅತ್ತು ಎಲ್ಲರ ತಲೆ ಕೆಡಿಸಿತ್ತು. ಅವನು ಮಹಡಿ ಹತ್ತಿ ನೋಡಿದ. ಒಣಗುವ ಚಾದರಗಳ ನೆರಳಿನಲ್ಲಿ ಮುದುಕ ಕೂಸನ್ನು ಹೆಗಲ ಮೇಲೆ ಹಾಕಿಕೊಂಡು ಅತ್ತಿಂದಿತ್ತ ಓಡಾಡುತ್ತಿದ್ದ. ಕೂಸು ಅವನ ಕಾಲರು ಚೀಪುತ್ತಾ ಅರೆನಿದ್ದೆಯಲ್ಲಿತ್ತು.

ಇಸ್ತ್ರಿಯಮ್ಮನಿಗೆ ಕೆಳಗೆ ಕೇಳಿಸಿದ್ದು ಮಗನ ದನಿ. ಅವಳು ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಮಗ ಕೂಸನ್ನು ಕಿತ್ತುಕೊಂಡಿದ್ದ. ಎಬ್ಬಿಸಿದ್ದಕ್ಕೆ ಕೂಸು ಕಿರುಚುತ್ತಿತ್ತು.

"ನನ್ನನ್ನ ಎತ್ತಿಕೊಂಡಿದ್ದು ನೆನಪಿದೆಯಾ ಕೇಳು ಅಮ್ಮ ಇವನನ್ನ," ಎಂದ ಮಗ. ಮುದುಕನ ಕಡೆ ನೋಡಲಿಲ್ಲ, ತಾಯಿಗೇ ಹೇಳಿದ. "ನಾಳೆ ಇದು ತಾತ ಎಲ್ಲಿ ಅಂತ ಬಾಗಿಲಲ್ಲಿ ಕಾದು ಕೂತ್ರೆ ಯಾರು ಉತ್ತರ ಹೇಳೋದು? ನಾನು ಕಾದಿದ್ದು ಸಾಲದಾ?"

ಮುದುಕ ಖಾಲಿ ಕೈಗಳನ್ನು ಎಲ್ಲಿ ಇಡಬೇಕೆಂದು ತಿಳಿಯದೆ ನಿಂತಿದ್ದ. ಇಸ್ತ್ರಿಯಮ್ಮ ಕೂಸಿನ ಬೆನ್ನು ಸವರಿದಳು. ಮಗ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಒಂದು ಭಾನುವಾರ ಮುದುಕ ಕ್ಷೌರಕ್ಕೆ ಹೋಗಿದ್ದಾಗ ಅವಳು ಹಳೆಯ ಚಾದರಗಳನ್ನು ಹುಡುಕುವ ನೆಪದಲ್ಲಿ ಚಿತ್ರದ ಕೋಣೆಗೆ ಹೋದಳು. ಗೋಡೆಗೆ ಒರಗಿಸಿದ್ದ ಚಿತ್ರಗಳಲ್ಲಿ ಒಂದು ಆಳೆತ್ತರದ್ದು. ಬೂದು, ಕಂದು, ಒಂದಿಷ್ಟು ಕೊಳೆ ಬಿಳಿ. ಕುರ್ಚಿಯ ಮೇಲೆ ಒಬ್ಬ ಗಂಡಸು. ಮುಖದ ಜಾಗದಲ್ಲಿ ಬಟ್ಟೆ ಎಳೆದ ಗುರುತು ಬಿಟ್ಟರೆ ಏನೂ ಇಲ್ಲ. ಭುಜ ಎರಡಾಗಿ ಕಾಣುತ್ತಿತ್ತು, ಒಂದು ಇದ್ದಲ್ಲಿ, ಇನ್ನೊಂದು ಹೋಗುವಲ್ಲಿ. ಬಲಗೈ ಮಂಡಿಯ ಮೇಲೆ ಊರಿತ್ತು. ಇಸ್ತ್ರಿಯಮ್ಮ ಹತ್ತಿರ ಹೋಗಿ ಆ ಕೈಯನ್ನೇ ನೋಡಿದಳು. ಮನೆ ಬಿಟ್ಟ ಆ ಸಂಜೆ ಲೋಟ ಕೆಳಗಿಟ್ಟು, ಬಲಗೈಯನ್ನು ಹೀಗೇ ಮಂಡಿಯ ಮೇಲೆ ಊರಿ ಅವನು ಎದ್ದಿದ್ದ. ಸಕ್ಕರೆ ಡಬ್ಬಿ ಮುಚ್ಚುತ್ತಿದ್ದ ಅವಳು ಅದನ್ನು ಕಣ್ಣಂಚಿನಲ್ಲಿ ನೋಡಿದ್ದಳು. ತಿರುಗಿ ನೋಡುವಷ್ಟರಲ್ಲಿ ಕುರ್ಚಿ ಖಾಲಿ.

ಮಗಳು ಬಾಗಿಲಲ್ಲಿ ನಿಂತಿದ್ದಳು. ಚೌಕಟ್ಟಿನ ಹಿಂದೆ ಅಂಟಿಸಲು ಹೆಸರಿನ ಚೀಟಿ ತಂದಿದ್ದಳು. ಅದರಲ್ಲಿ "ಕೂತ ಮನುಷ್ಯ" ಎಂದು ಬರೆದಿತ್ತು.

"ಇವರು ಕೂತಿಲ್ಲವಲ್ಲೇ," ಎಂದಳು ತಾಯಿ. "ಏಳ್ತಿದ್ದಾರೆ."

"ಕೂತಿದ್ದಾಗಲೇ ಬಿಡಿಸಿದ್ದಮ್ಮ. ಅವರು ಕೂರೋದೇ ಹಾಗೆ."

"ಅವತ್ತು ನೀನು ಮೇಜಿನ ಕೆಳಗೆ ಆಡ್ತಾ ಇದ್ದೆ."

"ಯಾವತ್ತು?"

"ಏನಿಲ್ಲ ಬಿಡು," ಎಂದು ಇಸ್ತ್ರಿಯಮ್ಮ ಕೈಗೆ ಸಿಕ್ಕ ಚಾದರಗಳನ್ನು ಎತ್ತಿಕೊಂಡು ಕೆಳಗಿಳಿದಳು.

ಪ್ರದರ್ಶನದ ದಿನ ಅವಳು ಅಂಗಡಿಯನ್ನು ಮಧ್ಯಾಹ್ನವೇ ಮುಚ್ಚಿದಳು. ಮಗ ಬರುವುದಿಲ್ಲ ಎಂದ. ಸೊಸೆ ಕೂಸನ್ನು ಅವನ ಕೈಗೆ ಕೊಟ್ಟು ಅತ್ತೆಯ ಜೊತೆ ಹೊರಟಳು. ದೊಡ್ಡ ಕಟ್ಟಡದ ಕೆಳಮಹಡಿ, ಬಿಳಿ ಗೋಡೆ, ಕಾಗದದ ಲೋಟದಲ್ಲಿ ಹಣ್ಣಿನ ರಸ, ಮೆಲ್ಲಗೆ ಮಾತಾಡುವ ಜನ. ಮುದುಕ ಎಲ್ಲರಿಗಿಂತ ಮೊದಲೇ ಬಂದಿದ್ದ. ನುಣ್ಣಗೆ ಗಡ್ಡ ಬೋಳಿಸಿ, ಎಣ್ಣೆ ಹಚ್ಚಿ ತಲೆ ಬಾಚಿ, ದೊಡ್ಡ ಚಿತ್ರದ ಪಕ್ಕದಲ್ಲೇ ನಿಂತಿದ್ದ. ಬಂದವರು ಚಿತ್ರ ನೋಡುವರು, ಹಿಂದಕ್ಕೆ ಸರಿದು ನೋಡುವರು, ಅವನಿಗೆ ಸ್ವಲ್ಪ ಪಕ್ಕಕ್ಕೆ ಹೋಗಿ ಎಂದು ಕೈಸನ್ನೆ ಮಾಡುವರು. ಅವನು ನಗುತ್ತಾ ಒಂದು ಹೆಜ್ಜೆ ಸರಿದು, ಅವರು ಹೋದೊಡನೆ ಮತ್ತೆ ಅಲ್ಲಿಗೇ ಬರುತ್ತಿದ್ದ.

ಕನ್ನಡಕದ ಹೆಂಗಸೊಬ್ಬರು ಬಹಳ ಹೊತ್ತು ನೋಡಿ ಮಗಳನ್ನು ಕರೆದರು. ಇದು ತುಂಬಾ ಕಾಡುತ್ತದೆ ಎಂದರು. ಯಾರಿದು, ನಿಮಗೆ ಬೇಕಾದವರಾ ಎಂದು ಕೇಳಿದರು.

"ಯಾರೂ ಅಲ್ಲ," ಎಂದಳು ಮಗಳು. "ಒಬ್ಬ ಮನುಷ್ಯ, ಅಷ್ಟೇ."

ಮುದುಕ ಎರಡು ಮಾರು ದೂರದಲ್ಲಿದ್ದ. ಮುಂದಿಟ್ಟ ಹೆಜ್ಜೆ ಹಾಗೇ ನಿಂತಿತು. ಮುಖದ ಮೇಲಿನ ನಗು ಎಲ್ಲಿಗೂ ಹೋಗಲು ತೋಚದೆ ಅಲ್ಲೇ ಉಳಿಯಿತು. ಇಸ್ತ್ರಿಯಮ್ಮ ಇದನ್ನು ನೋಡಿದಳು. ಇಪ್ಪತ್ತೆರಡು ವರ್ಷ ಈ ಮನುಷ್ಯನಿಗೆ ಹೀಗೊಂದು ದಿನ ಬರಲಿ ಎಂದು ಬಯಸಿದ್ದವಳು ಅವಳೇ. ಬಂದಾಗ ಹೊಟ್ಟೆ ತಣ್ಣಗಾಗಲಿಲ್ಲ. ಹಣ್ಣಿನ ರಸದ ಲೋಟವನ್ನು ಹಾಗೇ ಕಿಟಕಿಯ ಮೇಲಿಟ್ಟು, ತಲೆ ನೋಯುತ್ತಿದೆ ಎಂದು ಸೊಸೆಯನ್ನು ಹೊರಡಿಸಿದಳು.

ಮೂರ್ನಾಲ್ಕು ದಿನ ಕಳೆದ ಮೇಲೆ ಸಂಜೆ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಾ ಮಗಳು, ಅವರಿಗೆ ಸೋಮವಾರದಿಂದ ಇಲ್ಲಿರೋದು ಬೇಡ ಅಂತ ಹೇಳಿದೆ ಎಂದಳು. ಈ ಸರಣಿ ಮುಗಿಯಿತು, ಮುಂದೆ ಹೆಂಗಸರನ್ನು ಬಿಡಿಸಬೇಕೆಂದಿದ್ದೇನೆ, ಕೋಣೆಯೂ ಖಾಲಿ ಬೇಕು ಎಂದಳು. ಶಾಲೆಯ ವೇಳಾಪಟ್ಟಿ ಬದಲಾಯಿತು ಎಂದಷ್ಟೇ ಸಲೀಸಾಗಿ.

ಇಸ್ತ್ರಿಯಮ್ಮ ಒಲೆ ಆರಿಸಿದಳು.

"ಅವರು ಎಲ್ಲಿಗೆ ಹೋಗ್ತಾರಂತೆ?"

"ನಾನು ಕೇಳಲಿಲ್ಲ."

"ಯಾಕೆ ಕೇಳಲಿಲ್ಲ?"

"ಅಮ್ಮ, ಹಿಂದಿನ ಮೆಟ್ಟಿಲಿಂದ ಬರಲಿ ಅಂದೋಳು ನೀನು. ಅಡುಗೆಮನೆ ತುಳೀಬಾರದು ಅಂದೋಳು ನೀನು. ಈಗ ನನ್ನನ್ನ ಕೇಳ್ತೀಯಾ?"

"ಹೌದು, ಅಂದೆ. ನನಗೆ ಕೋಪ ಇತ್ತು, ಎದುರಿಗೇ ಅಂದೆ. ನೀನು ಒಳಗೆ ಕರೆದೆ, ಹಾಸಿಗೆ ಹಾಕಿದೆ, ಎರಡು ತಿಂಗಳು ಎದುರಿಗೆ ಕೂರಿಸಿಕೊಂಡೆ. ನಾಲ್ಕು ಜನರ ಮುಂದೆ ಕೇಳಿದಾಗ ಯಾರೂ ಅಲ್ಲ ಅಂದೆ." ಅವಳ ದನಿ ಏರಲಿಲ್ಲ. "ಚಿತ್ರದಲ್ಲಿ ಏನು ಬೇಕಾದರೂ ಒರೆಸು. ಅದು ನಿನ್ನ ವಿದ್ಯೆ, ನನಗೆ ಗೊತ್ತಾಗಲ್ಲ. ಮನುಷ್ಯರನ್ನ ಹಾಗೆ ಒರೆಸಬೇಡ. ಅವರು ನಮಗೆ ಮಾಡಿದ್ದೂ ಇದೇ ಕಣೇ."

ಮಗಳ ಕಣ್ಣಲ್ಲಿ ನೀರಿತ್ತು. ಈರುಳ್ಳಿಯ ಕಾರಣಕ್ಕೂ ಇರಬಹುದು.

"ನಿನಗೆ ಅವರು ಬೇಕಾ ಅಮ್ಮ? ಹಾಗಿದ್ರೆ ಹೇಳು."

"ನನಗೆ ಬೇಡ," ಎಂದಳು ಇಸ್ತ್ರಿಯಮ್ಮ. "ಬೇಡದವರನ್ನ ಕಳಿಸೋದಕ್ಕೂ ಒಂದು ರೀತಿ ಇರುತ್ತೆ."

ಅವಳು ಸೆರಗಿಗೆ ಕೈ ಒರೆಸಿಕೊಂಡು ಹಿಂದಿನ ಮೆಟ್ಟಿಲಿನ ಕಡೆಗೆ ಹೋದಳು. ಮುದುಕ ನಡುವಿನ ಮೆಟ್ಟಿಲ ಮೇಲೆ ಚೀಲ ಇಟ್ಟುಕೊಂಡು ಕೂತಿದ್ದ. ಅವಳನ್ನು ಕಂಡು ಎದ್ದು ನಿಂತು ಗೋಡೆಗೆ ಒತ್ತಿಕೊಂಡ, ಅವಳು ಹತ್ತಿ ಹೋಗಲೆಂದು. ಅವಳು ಹತ್ತಲಿಲ್ಲ. ಅವನು ಬಂದ ಮೇಲೆ ಅಂಗಡಿಯ ಮಾತಲ್ಲದ ಮಾತನ್ನು ಮೊದಲ ಸಲ ಆಡಿದಳು.

"ಚೀಲ ಯಾಕೆ ಈಗಲೇ? ಸೋಮವಾರಕ್ಕೆ ಇನ್ನೂ ಮೂರು ದಿನ ಇದೆ."

ಅವನು ಬಹಳ ಹೊತ್ತು ಚೀಲದ ಹಿಡಿಕೆ ತಿರುಚಿದ. ಆಮೇಲೆ ಒಂದೊಂದಾಗಿ ಹೇಳಿದ. ಆ ಊರಿನಲ್ಲಿ, ಅಂದರೆ ಆ ಇನ್ನೊಬ್ಬಳ ಊರಿನಲ್ಲಿ, ಅವಳು ತೀರಿಕೊಂಡ ಮೇಲೆ ಅವಳ ಮಗಳು ಅಳಿಯ ತನ್ನನ್ನು ಹೊರಗೆ ಹಾಕಿದ್ದರು. ಈಗ ಅಳಿಯನೇ ಫೋನ್ ಮಾಡಿದ್ದಾನೆ. ಗೋದಾಮಿಗೆ ಒಬ್ಬ ಕಾವಲಿನವನು ಬೇಕಂತೆ, ಒಂದು ಕೋಣೆಯೂ ಇದೆಯಂತೆ. ಬರುತ್ತೇನೆಂದು ಒಪ್ಪಿಕೊಂಡಿದ್ದೇನೆ ಎಂದ.

"ಯಾವಾಗ ಒಪ್ಪಿಕೊಂಡಿದ್ದು?"

"ಪ್ರದರ್ಶನಕ್ಕೆ ಮುಂಚೆಯೇ."

"ಅಂದ್ರೆ ಅವಳು ಹೇಳದಿದ್ರೂ ಹೋಗ್ತಿದ್ರಿ."

"ಹೋಗ್ತಿದ್ದೆ."

"ಯಾರಿಗೂ ಹೇಳದೆ."

ಅವನು ಸುಳ್ಳು ಹೇಳಲಿಲ್ಲ. ಇವತ್ತು ಕತ್ತಲಾದ ಮೇಲೆ ಅಂತಿದ್ದೆ ಎಂದ.

ಇಸ್ತ್ರಿಯಮ್ಮನಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಆಯಾಸ. ಇದಕ್ಕಾಗಿಯೇ ಮಗಳ ಜೊತೆ ಜಗಳವಾಡಿ ಬಂದೆನೇ ಎನಿಸಿ ನಗುವೂ ಬಂತು. ಅವಳು ಕೆಳಗಿನ ಮೆಟ್ಟಿಲ ಮೇಲೆ ಕೂತಳು.

"ನೋಡಿ, ನಾನು ನಿಮ್ಮನ್ನ ಇರಿ ಅನ್ನಲ್ಲ. ಹೋಗಿ. ಆದ್ರೆ ಈ ಸಲ ಹೇಳಿ ಹೋಗಬೇಕು. ನನಗೆ ಹೇಳಿದ್ದು ಆಯ್ತು. ಒಳಗೆ ಬಂದು ಊಟಕ್ಕೆ ಕೂತು, ಮಕ್ಕಳಿಗೂ ಹೇಳಿ."

"ಅವನು ನನ್ನ ಜೊತೆ ಊಟಕ್ಕೆ ಕೂರಲ್ಲ."

"ಕೂರದೆ ಇರಬಹುದು. ನೀವು ಹೇಳಿ."

ಅಂದು ಇಸ್ತ್ರಿಯಮ್ಮ ಮಗನಿಗೆ ಫೋನ್ ಮಾಡಿ ಬೇಗ ಬರಲು ಹೇಳಿದಳು. ಸೊಸೆ ಐದು ತಟ್ಟೆ ಹಾಕಿ, ಮೊಟ್ಟೆ ಬೇಯಿಸಿ, ಬೇಳೆಗೆ ಒಗ್ಗರಣೆ ಕೊಟ್ಟಳು. ಮುದುಕ ಅಡುಗೆಮನೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಒಳಗೆ ಬರಲು ಎರಡೆರಡು ಸಲ ಅವಳ ಮುಖ ನೋಡಿದ. ಮಗ ಬಂದ, ನೋಡಿದ, ತಿರುಗಿ ಹೊರಡುವವನಿದ್ದ. ತಾಯಿ ಅವನ ತೋಳು ಹಿಡಿದು ಕೂರಿಸಿದಳು. ಅವನು ಆರು ಅಡಿಯ ಆಳು, ಕೊಸರಿಕೊಳ್ಳಬಹುದಿತ್ತು, ಕೂತ.

ಸೊಸೆ ಎಲ್ಲರಿಗೂ ಬಡಿಸಿದಳು. ಆಮೇಲೆ ಮುದುಕ ತುತ್ತನ್ನು ತಟ್ಟೆಯಲ್ಲೇ ಬಿಟ್ಟು, ತಲೆ ತಗ್ಗಿಸಿಕೊಂಡು, ಶಾಲೆಯಲ್ಲಿ ಪಾಠ ಒಪ್ಪಿಸುವವನ ಹಾಗೆ ಹೇಳಿದ.

"ಸೋಮವಾರ ಬೆಳಿಗ್ಗೆ ನಾನು ಹೋಗ್ತೀನಿ. ತಿರುಗಿ ಬರ್ತೀನೋ ಇಲ್ವೋ ಗೊತ್ತಿಲ್ಲ. ಹೇಳಿ ಹೋಗೋಣ ಅಂತ." ಅಲ್ಲಿಗೆ ನಿಲ್ಲಿಸಿದ. "ಆವಾಗಲೂ ಹೇಳಬೇಕಿತ್ತು. ಹೇಳಿದ್ರೆ ಹೋಗೋಕಾಗ್ತಿರಲಿಲ್ಲ."

ಕೂಸು ಚಮಚದಿಂದ ನೆಲ ಬಡಿಯಿತು. ಸೊಸೆ ಕಣ್ಣೊರೆಸಿಕೊಂಡು ಮುದುಕನ ತಟ್ಟೆಗೆ ಇನ್ನೊಂದು ಮೊಟ್ಟೆ ಹಾಕಿದಳು. ಮಗಳು ಅವನನ್ನೇ ನೋಡುತ್ತಿದ್ದಳು. ಚಿತ್ರಕ್ಕೆ ಕೂರಿಸಿಕೊಂಡಾಗ ನೋಡುವ ನೋಟವಾಗಿರಲಿಲ್ಲ ಅದು, ಅಥವಾ ಹಾಗೆಂದು ತಾಯಿಗೆ ಅನಿಸಿತು.

ಮಗ ತಟ್ಟೆ ಖಾಲಿ ಮಾಡಿ, ನೀರು ಕುಡಿದು, ಲೋಟ ಕೆಳಗಿಟ್ಟ.

"ಬಸ್ಸು ಎಷ್ಟು ಗಂಟೆಗೆ?" ಎಂದು ಕೇಳಿದ. ಮುದುಕನನ್ನೇ ಕೇಳಿದ.

"ಏಳಕ್ಕೆ."

"ಆರೂವರೆಗೆ ತಯಾರಿರಿ. ವ್ಯಾನಲ್ಲಿ ಬಿಡ್ತೀನಿ." ಎದ್ದು ಕೈ ತೊಳೆಯಲು ಹೋದ. ಅವನು ತಯಾರಿರು ಎನ್ನದೆ ತಯಾರಿರಿ ಎಂದದ್ದು ಇಸ್ತ್ರಿಯಮ್ಮನ ಕಿವಿಗೆ ಮಾತ್ರ ಬಿದ್ದಿರಬೇಕು.

ಭಾನುವಾರ ಇಡೀ ಮಧ್ಯಾಹ್ನ ಮಗಳು ಮೇಲಿನ ಕೋಣೆಯಲ್ಲಿ ಮುದುಕನ ಎದುರು ಇನ್ನೊಂದು ಕುರ್ಚಿ ಹಾಕಿಕೊಂಡು ಕೂತಿದ್ದಳು. ಬಣ್ಣದ ಡಬ್ಬಿಗಳೆಲ್ಲ ಹೊರಗೆ ಮಹಡಿಯ ಗೋಡೆಯ ಮೇಲೆ ಇದ್ದವು. ಅವರೇನು ಮಾತಾಡಿದರು ಎಂದು ಅವಳು ಹೇಳಲಿಲ್ಲ, ಇಸ್ತ್ರಿಯಮ್ಮನೂ ಕೇಳಲಿಲ್ಲ. ಕೆಳಗೆ ಬಂದಾಗ ಅವಳ ಕಣ್ಣು ಊದಿತ್ತು. ಅತ್ತೆ, ಜಗಳವಾಯ್ತಾ ಎಂದು ಸೊಸೆ ಪಿಸುಗುಟ್ಟಿದಳು. ಆಗಲಿ ಬಿಡು ಎಂದಳು ಇಸ್ತ್ರಿಯಮ್ಮ.

ಸೋಮವಾರ ಮುದುಕ ಅಂಗಡಿಯ ಬಾಗಿಲಿನಿಂದಲೇ ಹೊರಗೆ ಬಂದ. ಕೂಸಿನ ಕೆನ್ನೆ ಮುಟ್ಟಿ, ಸೊಸೆಗೆ ಏನೋ ತಮಾಷೆ ಹೇಳಲು ಹೋಗಿ ಅರ್ಧಕ್ಕೇ ಬಿಟ್ಟು, ವ್ಯಾನಿನ ಮುಂದಿನ ಸೀಟಿನಲ್ಲಿ ಮಗನ ಪಕ್ಕ ಕೂತ. ಮಗ ಗೇರು ಹಾಕಿದ. ಇಸ್ತ್ರಿಯಮ್ಮ ಬೀದಿಗೆ ಇಳಿದು ನಿಂತಳು. ವ್ಯಾನು ತಿರುವಿನಲ್ಲಿ ಮರೆಯಾಗುವ ತನಕ ನೋಡಿದಳು, ಮರೆಯಾದ ಮೇಲೂ ಸ್ವಲ್ಪ ಹೊತ್ತು ನಿಂತಿದ್ದಳು. ಮಗಳು ಮಹಡಿಯ ಗೋಡೆಗೆ ಮೊಣಕೈ ಊರಿ ನಿಂತಿದ್ದಳು.

ದಿನದ ಮೊದಲ ಗಿರಾಕಿ, ಮೂಲೆಮನೆಯ ಮೇಷ್ಟ್ರು, ಎರಡು ಪ್ಯಾಂಟು ಹಿಡಿದು ಬಂದಿದ್ದರು. ವ್ಯಾನು ಹೋದ ಕಡೆ ಕತ್ತು ಚಾಚಿ, "ಯಾರಮ್ಮ ಅದು, ಮುಂದಿನ ಸೀಟಲ್ಲಿ ಕೂತಿದ್ರಲ್ಲ ಯಜಮಾನ್ರು?" ಎಂದರು.

"ನನ್ನ ಮಕ್ಕಳ ಅಪ್ಪ," ಎಂದಳು ಇಸ್ತ್ರಿಯಮ್ಮ, ಪ್ಯಾಂಟುಗಳಿಗೆ ಕೈ ಚಾಚುತ್ತಾ. "ಹೇಳಿ ಹೋದರು."